ಸಂಘದ ಸಿಬ್ಬಂದಿಗೆ ರಜೆ: ಉದ್ಯೋಗದಾತರು ನಾವೇ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಯಾವ ಹಳ್ಳಿಯೇ ಆಗಲಿ, ಹಾಲಿನ ಸಂಘದ ಕಾರ್ಯದರ್ಶಿ, ಹಾಲು ಪರೀಕ್ಷಕರು ಮತ್ತು ಸಹಾಯಕರಿಗೆ ಸಂಬಳ ಕೊಡುವುದು ಸಂಘ. ಸಂಘವೆಂದರೆ ಸದಸ್ಯರಾದ ನೀವು. ನೀವು ಆರಿಸಿದ ಆಡಳಿತ ಮಂಡಳಿಯೇ ಉದ್ಯೋಗದಾತರ ಹೊಣೆ ಹೊರಬೇಕು.

ಕಾನೂನು ಏನು ಹೇಳುತ್ತದೆ?

2025ರ ನವೆಂಬರ್ 21ರಿಂದ ಕೇಂದ್ರದ 4 ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯ ಪ್ರಕಾರ ಒಬ್ಬರೇ ಕೆಲಸಗಾರರಿದ್ದರೂ ಕನಿಷ್ಠ ವೇತನ ಕೊಡಬೇಕು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಪಾವತಿಸಬೇಕು. ಒಂದೇ ಕೆಲಸಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಸಂಬಳ ಸಲ್ಲದು.

10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ, ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದ ಮಹಿಳೆಗೆ 26 ವಾರಗಳ ವೇತನಸಹಿತ ರಜೆ ಉಂಟು. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ.

ಕರ್ನಾಟಕ ಸರ್ಕಾರವು 2025ರ ನವೆಂಬರ್‌ನಲ್ಲಿ ತಿಂಗಳಿಗೆ 1 ದಿನದ ವೇತನಸಹಿತ ಋತುಚಕ್ರ ರಜೆಯ ಆದೇಶ ಹೊರಡಿಸಿತು. 18ರಿಂದ 52 ವರ್ಷದ ಮಹಿಳೆಯರಿಗೆ ಇದು ಅನ್ವಯ. ವೈದ್ಯರ ಚೀಟಿ ಕೇಳುವಂತಿಲ್ಲ. ಆ ತಿಂಗಳ ರಜೆ ಮುಂದಿನ ತಿಂಗಳಿಗೆ ಸೇರದು. ಈ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಗಿತ್ತು. ನಿಮ್ಮ ಸಂಘಕ್ಕೆ ಇದು ಹೇಗೆ ಅನ್ವಯಿಸುತ್ತದೆಂದು ಕಾರ್ಮಿಕ ನಿರೀಕ್ಷಕರಲ್ಲಿ ವಿಚಾರಿಸಿ.

ಸಣ್ಣ ಸಂಘಗಳ ಗತಿ?

3-4 ಮಂದಿ ಸಿಬ್ಬಂದಿಯ ಸಂಘಕ್ಕೆ ಹೆರಿಗೆ ರಜೆಯ ಈ ನಿಯಮ ತಾಗದಿರಬಹುದು. ಹಾಗೆಂದು ಬಾಣಂತಿಯನ್ನು ಬರಿಗೈಯಲ್ಲಿ ಮನೆಗೆ ಕಳಿಸುವುದು ಸಹಕಾರವಲ್ಲ. ಆದರೆ ಹಸು ಎಮ್ಮೆಗಳಿಗೆ ರಜೆಯಿಲ್ಲ. ಹಾಲು ಎರಡು ಹೊತ್ತೂ ಬರುತ್ತದೆ. 26 ವಾರವೆಂದರೆ 182 ದಿನ, 364 ಹೊತ್ತಿನ ಹಾಲು. ಕೈಪಳಗದವರು ಜಿಡ್ಡು ಪರೀಕ್ಷಿಸಿದರೆ ನಷ್ಟ ನಿಮ್ಮ ಬಟವಾಡೆಗೇ. ಆದ್ದರಿಂದ ಮುಂಚೆಯೇ ಸಿದ್ಧತೆ ಬೇಕು.

ಈಗಲೇ ಮಾಡಬೇಕಾದ ಕೆಲಸಗಳು

1. ಪ್ರತಿ ಸಿಬ್ಬಂದಿಗೂ ಸಂಬಳ, ಕೆಲಸದ ವೇಳೆ ಬರೆದ ನೇಮಕಾತಿ ಪತ್ರ ಕೊಡಿ.
2. ಹಾಜರಿ, ವೇತನ, ರಜೆ ಪುಸ್ತಕಗಳನ್ನು ಬೇರೆ ಬೇರೆ ಇಡಿ.
3. ಊರಿನ ಇನ್ನೊಬ್ಬರಿಗೆ ಹಾಲು ಅಳತೆ, ಪರೀಕ್ಷೆ, ಲೆಕ್ಕ ಬರೆಯುವುದನ್ನು ಕಲಿಸಿ. ತರಬೇತಿಗೆ ಒಕ್ಕೂಟದ ವಿಸ್ತರಣಾಧಿಕಾರಿಯನ್ನು ಕೇಳಿ.
4. ಬದಲಿ ಕೆಲಸಗಾರರ ಕೂಲಿಗೆ ಮುಂಗಡ ಪತ್ರದಲ್ಲಿ ಹಣ ತೆಗೆದಿರಿಸಿ.
5. ಬೈಲಾ ನೋಡಿಕೊಂಡು ರಜೆ ನಿಯಮಗಳನ್ನು ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ, ಸಂಘದ ಫಲಕದಲ್ಲಿ ಹಚ್ಚಿ.

ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಹಾಲಿನ ದರ, ಬೋನಸ್ಸಿನ ಜೊತೆಗೆ ಈ ಪ್ರಶ್ನೆಯನ್ನೂ ಕೇಳಿ: "ನಮ್ಮ ಪರೀಕ್ಷಕರು ರಜೆ ಹಾಕಿದರೆ ನಾಳೆ ಬೆಳಗಿನ ಹಾಲು ನೋಡುವವರು ಯಾರು?" ಉತ್ತರ ಸಿಗದಿದ್ದರೆ ಸಿದ್ಧತೆಯನ್ನು ಅಂದೇ ಆರಂಭಿಸಿರಿ.