ನೇರ ಪ್ರಸಾರದ ಕೃಷಿ ಸಲಹೆ: ಆರಿಸಿಕೊಳ್ಳುವುದು ಹೇಗೆ?

ಮೆಕ್ಕೆಜೋಳ ಮೊಳಕಾಲೆತ್ತರ ಬಂದಿರುವಾಗ ಸುಳಿಯಲ್ಲಿ ಹಿಕ್ಕೆ, ಎಲೆಯಲ್ಲಿ ತೂತು ಕಂಡೊಡನೆ ಇಂದಿನ ರೈತರು ಮೊಬೈಲ್ ತೆರೆಯುತ್ತಾರೆ. ಅಲ್ಲಿ ನೇರ ಪ್ರಸಾರದ ಸಲಹಾ ಕೊಠಡಿಗಳ ಪಟ್ಟಿಯೇ ಸಿಗುತ್ತದೆ. ಒಂದೊಂದರ ಮುಂದೆಯೂ ಭಾವಚಿತ್ರ, ಎರಡು ಸಾಲಿನ ಪರಿಚಯ, ನೋಡುಗರ ಸಂಖ್ಯೆ. ಬಹುಮಂದಿ ಸಂಖ್ಯೆ ಹೆಚ್ಚಿರುವ ಕಡೆಗೇ ಹೋಗುತ್ತಾರೆ. ಸಂತೆಯಲ್ಲಿ ಜನ ಮುತ್ತಿದ ಅಂಗಡಿಯ ಮಾಲೆಲ್ಲ ಒಳ್ಳೆಯದಲ್ಲವೆಂಬುದು ಅವರಿಗೆ ತಿಳಿಯದ್ದೇನಲ್ಲ.

ಪರಿಚಯದಲ್ಲಿ ಮೊದಲು ನೋಡಬೇಕಾದುದು ಸಲಹೆಗಾರರ ಜಿಲ್ಲೆ, ಓದು ಮತ್ತು ಸಂಸ್ಥೆ. ಕರ್ನಾಟಕವೊಂದರಲ್ಲೇ 10 ಕೃಷಿ ಹವಾಮಾನ ವಲಯಗಳಿವೆ. ಕಲಬುರಗಿಯ ಎರೆಭೂಮಿಗೆ ಹೇಳಿದ ನೀರಿನ ಅಂತರ ಕೋಲಾರದ ಕೆಂಪು ಮಣ್ಣಿಗೆ ಹೊಂದದು. ಬರಿದೇ 'ಕೃಷಿ ತಜ್ಞ' ಎಂದಿರುವ ಪರಿಚಯವನ್ನು ಬಿಡುವುದೇ ಲೇಸು. ಔಷಧಿಯ ಹೆಸರೂ ಹಣ ಕಳಿಸುವ ಸಂಖ್ಯೆಯೂ ಅಲ್ಲೇ ಇದ್ದರೆ ಅದು ಅಂಗಡಿ. ಅಂಗಡಿಯವರು ಹೇಳುವುದೆಲ್ಲ ತಪ್ಪೆಂದಲ್ಲ. ಆದರೆ 'ಸಿಂಪರಣೆ ಬೇಡ' ಎಂಬ ಮಾತು ಅಲ್ಲಿ ಅಪರೂಪ. 'ನೇರ' ಎಂದು ಬರೆದು ಹಳೆಯ ಚಿತ್ರೀಕರಣವನ್ನೇ ಓಡಿಸುವವರೂ ಉಂಟು. ಊರಿನ ಹೆಸರು ಬರೆದು ಒಂದು ಪ್ರಶ್ನೆ ಕೇಳಿದರೆ ಇದು ಬಯಲಾಗುತ್ತದೆ.

ಪರಿಚಯ ಎಷ್ಟೇ ಚೆನ್ನಾಗಿರಲಿ, ಸಲಹೆಗಾರರು ರೈತರನ್ನು ಮರಳಿ ಏನು ಕೇಳುತ್ತಾರೆಂಬುದೇ ನಿಜವಾದ ಪರೀಕ್ಷೆ. ಭಾರತದಲ್ಲಿ 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಮೊದಲು ಕಂಡುಬಂದ ಫಾಲ್ ಸೈನಿಕ ಹುಳುವನ್ನೇ ತೆಗೆದುಕೊಳ್ಳಬಹುದು. ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂಥ ಗೆರೆ ಇದೆಯೇ, ಹಿಂಭಾಗದಲ್ಲಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆಗಳಿವೆಯೇ, ಬೆಳೆಗೆ ಎಷ್ಟು ದಿನ, ನೂರು ಗಿಡಗಳಲ್ಲಿ ಎಷ್ಟಕ್ಕೆ ಹಾನಿಯಾಗಿದೆ – ಇಷ್ಟನ್ನು ಕೇಳದೆ ಔಷಧಿ ಹೇಳುವವರ ಕೊಠಡಿಯಿಂದ ಹೊರಬರಬೇಕು. ಬೆಳೆಯ ವಯಸ್ಸು ಕೇಳುವುದಕ್ಕೆ ಕಾರಣವುಂಟು: ಹೂತೆನೆ ಬಂದ ಮೇಲೆ ಕೀಟನಾಶಕಕ್ಕೆ ಹಾಕಿದ ಹಣ ಸಾಮಾನ್ಯವಾಗಿ ಮರಳುವುದಿಲ್ಲ, ಹುಳುಗಳನ್ನು ಕೈಯಿಂದ ಆರಿಸಿ ನಾಶಪಡಿಸುವುದೇ ಆಗ ಉಳಿಯುವ ದಾರಿ.

ಪ್ರಮಾಣವನ್ನು ಹೇಗೆ ಹೇಳುತ್ತಾರೆಂಬುದನ್ನೂ ಗಮನಿಸತಕ್ಕದ್ದು. 'ಟ್ಯಾಂಕಿಗೆ ಒಂದು ಚಮಚ' ಎಂಬುದು ಸಲಹೆಯಲ್ಲ. ಎಳೆಯ ಬೆಳೆಯಲ್ಲಿ ಈ ಹುಳುವಿಗೆ ಶಿಫಾರಸಾದ ಎಮಾಮೆಕ್ಟಿನ್ ಬೆಂಜೊಯೇಟ್ ಶೇ. 5 ಎಸ್.ಜಿ.ಯ ಪ್ರಮಾಣ ಲೀಟರ್ ನೀರಿಗೆ 0.4 ಗ್ರಾಂ, ಅಂದರೆ 15 ಲೀಟರಿನ ಟ್ಯಾಂಕಿಗೆ 6 ಗ್ರಾಂ. ಅದು ಸುಳಿಯೊಳಗೆ ಇಳಿಯುವಂತೆ ಸಿಂಪಡಿಸಬೇಕು. ಜೊತೆಗೆ ಇನ್ನೆರಡು ಔಷಧಿ ಬೆರೆಸಿರಿ ಎಂದರೆ ಕಾರಣ ಕೇಳಬೇಕು. ಕೊಂಡ ಔಷಧಿಯ ಚೀಟಿಯಲ್ಲಿರುವ ಬೆಳೆ, ಕೀಟ, ಪ್ರಮಾಣ ಹಾಗೂ ಕೊಯ್ಲಿಗೆ ಮುಂಚಿನ ಕಾಯುವ ಅವಧಿಯೊಡನೆ ಕೇಳಿದ ಸಲಹೆ ತಾಳೆಯಾಗದಿದ್ದರೆ ಟ್ಯಾಂಕು ತುಂಬಿಸಬಾರದು. ಹುಳು ಬಿದ್ದ ಎರಡು ಗಿಡಗಳನ್ನು ಚೀಲದಲ್ಲಿಟ್ಟು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಬಹುದು. ಅದಾಗದಿದ್ದರೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು, ಕರೆಗೆ ಖರ್ಚಿಲ್ಲ.