ಪಿಡಿಎಫ್ ನಕ್ಷೆಯ ಆಮದು-ರಫ್ತು: ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಖರೀದಿ ಆದೇಶದೊಡನೆ ಬರುವ ನಕ್ಷೆಯು ಇಂದು ಬಹುಮಟ್ಟಿಗೆ ಪಿಡಿಎಫ್ ಕಡತದ ರೂಪದಲ್ಲಿರುತ್ತದೆ. ಜಾಬ್ ವರ್ಕ್ ಮಾಡುವ ಹಲವರು ಅದನ್ನು ಆಟೋಕ್ಯಾಡ್‌ನಂತಹ ತಂತ್ರಾಂಶಕ್ಕೆ ಆಮದು ಮಾಡಿಕೊಂಡು, ಅಲ್ಲಿನ ಗೆರೆಗಳನ್ನೇ ನಂಬಿ ತಗಡು ಕತ್ತರಿಸುವುದುಂಟು. ಮಾಲು ತಿರಸ್ಕೃತವಾಗಿ ಡೆಬಿಟ್ ನೋಟ್ ಕೈಸೇರಿದ ಮೇಲೆ ಮಾತ್ರ ಈ ಪ್ರಶ್ನೆಯು ಲೆಕ್ಕಪರಿಶೋಧಕರ ಮೇಜಿಗೆ ಬರುತ್ತದೆ. ಅಷ್ಟರಲ್ಲಿ ತಗಡಿನ ಬೆಲೆ ಗುಜರಿಯ ಬೆಲೆಯಾಗಿರುತ್ತದೆ.

ಅಡೋಬಿ ಸಂಸ್ಥೆಯು 1993ರಲ್ಲಿ ಹೊರತಂದ ಪಿಡಿಎಫ್, 2008ರಲ್ಲಿ ಐಎಸ್ಒ 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಯಾವ ಗಣಕದಲ್ಲಿ ತೆರೆದರೂ ಪುಟವು ಒಂದೇ ರೀತಿ ಕಾಣಬೇಕೆಂಬುದೇ ಅದರ ಉದ್ದೇಶ. ಅರ್ಥಾತ್, ಅದು ಕಾಗದದ ಪ್ರತಿರೂಪವೇ ಹೊರತು ಬಿಡಿಭಾಗದ ಪ್ರತಿರೂಪವಲ್ಲ.

ಆಟೋಕ್ಯಾಡ್ 2010ರ ಆವೃತ್ತಿಯಲ್ಲಿ ಪಿಡಿಎಫ್ ಅನ್ನು ನಕ್ಷೆಯ ಅಡಿಯಲ್ಲಿ ಹಾಸಿ ನೋಡುವ ಸೌಲಭ್ಯ ದೊರೆಯಿತು. 2017ರ ಆವೃತ್ತಿಯಲ್ಲಿ 'ಪಿಡಿಎಫ್ಇಂಪೋರ್ಟ್' ಆದೇಶ ಬಂದು, ಗೆರೆಗಳನ್ನು ತಿದ್ದಬಲ್ಲ ರೂಪದಲ್ಲಿ ಪಡೆಯುವುದು ಸಾಧ್ಯವಾಯಿತು. ಆದರೆ ಸ್ಕ್ಯಾನ್ ಮಾಡಿದ ಪಿಡಿಎಫ್‌ನಿಂದ ಗೆರೆಗಳು ದೊರೆಯುವುದಿಲ್ಲ, ಚಿತ್ರವಷ್ಟೇ ದೊರೆಯುತ್ತದೆ. ಗೆರೆಗಳು ಬಂದಾಗಲೂ ಅಳತೆಯ ಅಂಕಿಗೂ ಗೆರೆಗೂ ಇದ್ದ ಸಂಬಂಧ ಕಡಿದಿರುತ್ತದೆ. 100 ಎಂಬುದು ಕೇವಲ ಅಕ್ಷರವಾಗಿ ಉಳಿಯುತ್ತದೆ.

ನಷ್ಟಕ್ಕೆ ದಾರಿಯಾಗುವುದು ಇಲ್ಲಿಯೇ. ಎ3 ಹಾಳೆಗಾಗಿ ರಚಿಸಿದ ನಕ್ಷೆಯನ್ನು 'ಫಿಟ್ ಟು ಪೇಜ್' ಆಯ್ಕೆಯಿಂದ ಎ4 ಪಿಡಿಎಫ್ ಮಾಡಿದರೆಂದು ಭಾವಿಸಿ. 100 ಮಿ.ಮೀ. ಗೆರೆಯು ಸುಮಾರು 70.7 ಮಿ.ಮೀ.ಗೆ ಇಳಿಯುತ್ತದೆ; ಅಂಕಿ ಮಾತ್ರ 100 ಎಂದೇ ತೋರುತ್ತದೆ. ಆದ್ದರಿಂದ ಆಮದಿನ ನಂತರ ಅಳತೆ ನಮೂದಾದ ಎರಡು ಗೆರೆಗಳನ್ನು, ಒಂದು ಅಡ್ಡ, ಒಂದು ಉದ್ದ, ತಂತ್ರಾಂಶದಲ್ಲೇ ಅಳೆದು ನೋಡಿ, ಪ್ರಮಾಣವನ್ನು ಸರಿಪಡಿಸತಕ್ಕದ್ದು. ವ್ಯತ್ಯಾಸವು 25.4 ಪಟ್ಟು ಕಂಡರೆ ಅದು ಇಂಚು-ಮಿಲಿಮೀಟರುಗಳ ಗೊಂದಲ.

ರಫ್ತು ಮಾಡುವವರಿಗೂ ಒಂದು ಲೆಕ್ಕವುಂಟು. 600 ಡಿಪಿಐ ಗುಣಮಟ್ಟದಲ್ಲಿ ಒಂದು ಚುಕ್ಕೆಯ ಅಂತರ 0.042 ಮಿ.ಮೀ. ನಕ್ಷೆಯು 1:10 ಪ್ರಮಾಣದಲ್ಲಿದ್ದರೆ ಅದೇ ಅಂತರವು ವಸ್ತುವಿನ ಮೇಲೆ 0.42 ಮಿ.ಮೀ. ಆಗುತ್ತದೆ. 0.05 ಮಿ.ಮೀ. ಟಾಲರೆನ್ಸ್ ಕೇಳುವ ಕೆಲಸಕ್ಕೆ ಇಂತಹ ಗೆರೆಗಳು ಆಧಾರವಾಗಲಾರವು. ಹೆಚ್ಚಿನ ಡಿಪಿಐ ಆರಿಸಿದರೆ ಈ ಅಂತರವು ಕಡಿಮೆಯಾಗುತ್ತದೆ, ಆದರೆ ಕಡತ ದೊಡ್ಡದಾಗುತ್ತದೆ.

ಹೀಗಾಗಿ ಪಿಡಿಎಫ್ ಅನ್ನು ಒಪ್ಪಿಗೆಗೂ ದಾಖಲೆಗೂ ಬಳಸಿ, ಯಂತ್ರಕ್ಕೆ ಡಿಎಕ್ಸ್ಎಫ್ ಅಥವಾ ಸ್ಟೆಪ್ ಕಡತವನ್ನು ಕೇಳಿ ಪಡೆಯುವುದು ಲೇಸು. ಕೊಡಲೊಪ್ಪದ ಗ್ರಾಹಕರಿದ್ದಾರೆ, ಅವರಿಗೆ ನಮೂದಿತ ಅಂಕಿಗಳಿಂದ ನಕ್ಷೆಯನ್ನು ಹೊಸದಾಗಿ ರಚಿಸಿ, ಅವರ ಲಿಖಿತ ಒಪ್ಪಿಗೆ ಬಂದ ಮೇಲೆಯೇ ಕತ್ತರಿಸಬೇಕು. ಎರಡು ಕಡತಗಳಲ್ಲಿ ವ್ಯತ್ಯಾಸವಿದ್ದರೆ ಯಾವುದು ಅಂತಿಮ ಎಂಬುದನ್ನು ಖರೀದಿ ಆದೇಶದಲ್ಲೇ ಬರೆಸಿಕೊಳ್ಳತಕ್ಕದ್ದು. ನಕ್ಷೆಯ ಪರಿಷ್ಕರಣ ಸಂಖ್ಯೆಯು ಆದೇಶದಲ್ಲೂ ಚಲನ್‌ನಲ್ಲೂ ಇರಲಿ. ಸಿಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡಬೇಕಷ್ಟೆ; ನಕ್ಷೆಯ ಮೂಲ ಕಡತವನ್ನೂ ಅದು ಬಂದ ಇ-ಮೇಲನ್ನೂ ಅವುಗಳೊಡನೆ ಅಷ್ಟೇ ಕಾಲ ಇರಿಸಿಕೊಳ್ಳುವುದು ಉಚಿತ.