ಮಗುವಿಗೆ ಭಾರದ ಹೊದಿಕೆ: ಮನೆಯಲ್ಲಿ ತಯಾರಿಸುವ ಕ್ರಮ

ಹಳೆಯ ಸೀರೆ, ಪಂಚೆಗಳನ್ನು ಪದರಪದರವಾಗಿ ಹಾಸಿ, ಒತ್ತಾಗಿ ಟಾಕು ಹಾಕಿದ ಕೌದಿಯನ್ನು ಹೊದ್ದು ಮಲಗಿದವರಿಗೆ ಅದರ ಹಿತವಾದ ಭಾರದ ಪರಿಚಯವಿರುತ್ತದೆ. ಮುಂಬಯಿ, ಪುಣೆಗಳ ಕನ್ನಡಿಗರು ಇಂತಹುದನ್ನೇ ಗೋಧಡಿ ಎಂಬ ಹೆಸರಿನಿಂದಲೂ ಬಲ್ಲರು. ಮೈಮೇಲೆ ಸಮನಾಗಿ ಬೀಳುವ ಈ ಒತ್ತಡವನ್ನು ಅಳತೆಯಿಟ್ಟು ಒದಗಿಸುವ ಸಾಧನವೇ ಭಾರದ ಹೊದಿಕೆ. ಆಟಿಸಂ ಎಂದು ಕರೆಯಲಾಗುವ ಸ್ವಲೀನತೆಯುಳ್ಳ ಮಕ್ಕಳಲ್ಲಿ ಕೆಲವರು ಸದ್ದು, ಬೆಳಕು, ಸ್ಪರ್ಶಗಳಿಂದ ಬೇಗ ಕಳವಳಗೊಳ್ಳುತ್ತಾರೆ. ಅವರಲ್ಲಿ ಕೆಲವರಿಗೆ ಈ ಒತ್ತಡ ನೆಮ್ಮದಿ ನೀಡುತ್ತದೆ.

ಏನನ್ನು ನಿರೀಕ್ಷಿಸಬಹುದು?

ಇದು ಔಷಧಿಯಲ್ಲ. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 5ರಿಂದ 16 ವರ್ಷದ, ಸ್ವಲೀನತೆಯುಳ್ಳ ಮಕ್ಕಳಿಗೆ ಭಾರದ ಹೊದಿಕೆಯನ್ನೂ ಸಾಮಾನ್ಯ ಹೊದಿಕೆಯನ್ನೂ ಒಂದಾದ ಮೇಲೊಂದರಂತೆ ಕೊಟ್ಟು ನೋಡಲಾಯಿತು. ನಿದ್ರೆಯ ಅವಧಿ ಹೆಚ್ಚಲಿಲ್ಲ. ಆದರೆ ಮಕ್ಕಳೂ ಪೋಷಕರೂ ಭಾರದ ಹೊದಿಕೆಯನ್ನೇ ಹೆಚ್ಚು ಮೆಚ್ಚಿದರು. ಆದುದರಿಂದ ಮಗುವಿಗೆ ಹಿತವೆನಿಸಿದರೆ ಮಾತ್ರ ಇದನ್ನು ಬಳಸಬೇಕು.

ಯಾರಿಗೆ ಬೇಡ?

ಹಸುಗೂಸುಗಳಿಗೆ ಭಾರದ ಹೊದಿಕೆ ಸರ್ವಥಾ ಸಲ್ಲದು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯು 2022ರಲ್ಲಿ ಇದನ್ನು ಸ್ಪಷ್ಟವಾಗಿ ಸೂಚಿಸಿದೆ. ಐದು ವರ್ಷ ತುಂಬದ ಮಕ್ಕಳಿಗೆ ಮನೆಯಲ್ಲಿ ಹೊಲಿದುದನ್ನು ಹೊದಿಸದಿರುವುದೇ ಕ್ಷೇಮ. ಉಸಿರಾಟದ ತೊಂದರೆ, ಹೃದ್ರೋಗ, ಮೂರ್ಛೆರೋಗ ಅಥವಾ ಸ್ನಾಯುಗಳ ದೌರ್ಬಲ್ಯವಿರುವ ಮಕ್ಕಳಿಗೆ ವೈದ್ಯರ ಒಪ್ಪಿಗೆಯಿಲ್ಲದೆ ಬಳಸಬಾರದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯ ಜಿಲ್ಲಾ ಕೇಂದ್ರಗಳಲ್ಲಿ ಈ ಬಗ್ಗೆ ಸಲಹೆ ಕೇಳಬಹುದು.

2008ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಶಾಲೆಯೊಂದರಲ್ಲಿ ಭಾರದ ಹೊದಿಕೆಯಲ್ಲಿ ಸುತ್ತಲಾಗಿದ್ದ 9 ವರ್ಷದ ಬಾಲಕನೊಬ್ಬ ಮೃತಪಟ್ಟನು. ಈ ದುರಂತದಿಂದ ಕಲಿಯಬೇಕಾದ ಪಾಠವೊಂದೇ: ಮಗು ತನ್ನಷ್ಟಕ್ಕೆ ತಾನೇ ಸರಿಸಲಾಗದ ಹೊದಿಕೆ ಹೊದಿಕೆಯಲ್ಲ, ಕಟ್ಟು.

ತೂಕ ಮತ್ತು ಸಾಮಗ್ರಿ

ಮಗುವಿನ ತೂಕದ ಹತ್ತರಲ್ಲೊಂದು ಭಾಗವೆಂಬುದು ರೂಢಿಯ ಲೆಕ್ಕ. ಇದನ್ನು ಮೇಲಿನ ಮಿತಿಯೆಂದು ತಿಳಿಯಬೇಕು. 20 ಕಿಲೋ ತೂಗುವ ಮಗುವಿಗೆ ಬಟ್ಟೆಯೂ ಸೇರಿ 2 ಕಿಲೋ ಮೀರಬಾರದು, ಕಡಿಮೆಯಾದರೂ ಚಿಂತೆಯಿಲ್ಲ.

ಒತ್ತಾಗಿ ನೇಯ್ದ ಹತ್ತಿಯ ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿ, 84 ಸೆಂಟಿಮೀಟರ್ ಅಗಲ, 104 ಸೆಂಟಿಮೀಟರ್ ಉದ್ದದ ಎರಡು ತುಂಡುಗಳನ್ನು ಕತ್ತರಿಸಿಕೊಳ್ಳಿರಿ. ಒಳಗೆ ತುಂಬಲು ನುಣುಪಾದ ಸಣ್ಣ ಗಾಜಿನ ಮಣಿ ಅಥವಾ ಪ್ಲಾಸ್ಟಿಕ್ ಹರಳು ಸೂಕ್ತ. ಅಕ್ಕಿ, ಕಾಳು ಬೇಡ. ಒಗೆದರೆ ಮುಗ್ಗುತ್ತವೆ, ಹುಳು ಹಿಡಿಯುತ್ತವೆ.

ಬಟ್ಟೆಯ ತೂಕ 400 ಗ್ರಾಂ ಎಂದಿಟ್ಟುಕೊಂಡರೆ ಉಳಿಯುವುದು 1600 ಗ್ರಾಂ. ಅಡ್ಡ 8, ಉದ್ದ 10ರಂತೆ 80 ಚೌಕಗಳಿಗೆ ಇದನ್ನು ಹಂಚಿದರೆ ಚೌಕವೊಂದಕ್ಕೆ 20 ಗ್ರಾಂ ಬರುತ್ತದೆ.

ಹೊಲಿಯುವ ಕ್ರಮ

1. ಎರಡೂ ತುಂಡುಗಳ ಒಳಮೈ ಹೊರಗಿರುವಂತೆ ಜೋಡಿಸಿ, ಅಂಚಿನಿಂದ 2 ಸೆಂಟಿಮೀಟರ್ ಒಳಗೆ ಮೂರು ಬದಿ ಹೊಲಿಯಿರಿ. ಮೇಲಿನ ಬದಿ ತೆರೆದಿರಲಿ. ಬಳಿಕ ಚೀಲದಂತೆ ಮಗುಚಿರಿ.

2. ಮೇಲಿನಿಂದ ಕೆಳಕ್ಕೆ 10 ಸೆಂಟಿಮೀಟರಿಗೊಂದರಂತೆ 7 ಹೊಲಿಗೆ ಹಾಕಿರಿ. ಇದರಿಂದ 8 ಉದ್ದನೆಯ ಪಟ್ಟಿಗಳಾಗುತ್ತವೆ.

3. ಪ್ರತಿ ಪಟ್ಟಿಗೂ 20 ಗ್ರಾಂ ಮಣಿ ಸುರಿದು ತಳಕ್ಕೆ ಇಳಿಸಿರಿ. ತಳದಿಂದ 10 ಸೆಂಟಿಮೀಟರ್ ಮೇಲೆ ಅಡ್ಡಹೊಲಿಗೆ ಹಾಕಿರಿ. ಸೂಜಿಯ ಕೆಳಗೆ ಮಣಿ ಸಿಕ್ಕದಂತೆ ಕೈಯಿಂದ ಸರಿಸಿಕೊಳ್ಳಬೇಕು.

4. ಇದೇ ರೀತಿ ಹತ್ತೂ ಸಾಲು ತುಂಬಿ, ಮೇಲಿನ ಅಂಚನ್ನು 2 ಸೆಂಟಿಮೀಟರ್ ಒಳಮಡಿಸಿ ಮುಚ್ಚಿರಿ. ಎಲ್ಲ ಅಂಚುಗಳಿಗೂ ಎರಡು ಸಲ ಹೊಲಿಗೆ ಬೀಳಲಿ.

5. ಕೊನೆಗೊಮ್ಮೆ ತೂಗಿ ನೋಡಿರಿ.

ಬಳಸುವಾಗ

ಮೊದಲ ದಿನವೇ ರಾತ್ರಿ ಹೊದಿಸಬೇಡಿರಿ. ಹಗಲು, ಮಗು ಕುಳಿತು ಕಥೆ ಕೇಳುವಾಗ, ತೊಡೆಯ ಮೇಲೆ ಹತ್ತು ನಿಮಿಷ ಹಾಸಿರಿ. ಅನಂತರ ಮಲಗಿಸಿ, ಭುಜದಿಂದ ಕೆಳಗೆ ಹೊದಿಸಿ, "ಎಲ್ಲಿ, ತೆಗೆ ನೋಡೋಣ" ಎಂದು ಆಟದಂತೆ ಹೇಳಿರಿ. ಹಲವು ಬಾರಿ ಸುಲಭವಾಗಿ ತೆಗೆದುಹಾಕಿದರೆ ಮಾತ್ರ ಮುಂದುವರಿಯಿರಿ. ಮಾತು ಬಾರದ ಮಗು ಮುಖ ತಿರುಗಿಸುವುದು, ಕಾಲಿನಿಂದ ಒದೆಯುವುದು ಕೂಡ "ಬೇಡ" ಎಂಬ ಮಾತೇ.

ತಲೆ, ಕುತ್ತಿಗೆಗಳ ಮೇಲೆ ಹೊದಿಸಬಾರದು, ಮೈಗೆ ಸುತ್ತಬಾರದು, ಹಟ ಮಾಡಿದಾಗ ಸುಮ್ಮನಿರಿಸಲು ಬಳಸಲೇಬಾರದು. ಹೊದಿಕೆ ಮೈಮೇಲಿರುವಷ್ಟು ಕಾಲ ಹಿರಿಯರೊಬ್ಬರು ಹತ್ತಿರವಿರಬೇಕು. ನಿದ್ರೆ ಹತ್ತಿದ ಬಳಿಕ ಅದನ್ನು ತೆಗೆದು ಹಗುರವಾದುದನ್ನು ಹೊದಿಸಿರಿ. ಚೆನ್ನೈ, ಮುಂಬಯಿಯಂತಹ ಸೆಕೆಯ ಊರುಗಳಲ್ಲಿ ಮಗು ಬೆವರತೊಡಗಿದ ಕೂಡಲೇ ತೆಗೆಯಬೇಕು. ವಾರಕ್ಕೊಮ್ಮೆ ಹೊಲಿಗೆಗಳನ್ನು ಪರೀಕ್ಷಿಸಿರಿ. ಒಂದು ಮಣಿ ಹೊರಬಂದರೂ ಮಗು ಅದನ್ನು ನುಂಗಬಹುದು, ಸರಿಪಡಿಸುವವರೆಗೆ ಎತ್ತಿಡಿರಿ.

ಹೀಗೆ ತಯಾರಾದ ಹೊದಿಕೆಯನ್ನು ಮಗುವಿನ ಕೈಗೆಟುಕುವಲ್ಲಿ ಮಡಿಸಿಡಿರಿ. ಬೇಕೆಂದಾಗ ತಾನೇ ಎಳೆದುಕೊಂಡು, ಸಾಕೆಂದಾಗ ತಾನೇ ಸರಿಸುವಂತಾದರೆ ನಿಮ್ಮ ಶ್ರಮ ಸಾರ್ಥಕವಾದಂತೆ.